ಸಹಿ ಕಲಿಸುವ ಮುಂಚೆ

(ಜತ್ತ ತಾಲೂಕಿನ ಸೊರಡಿಯಲ್ಲಿ ರಾತ್ರಿ ಶಾಲೆ ನಡೆಸುವ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ವಯಸ್ಕರ ಶಿಕ್ಷಣದ ಸಭೆಗೆ ಕರೆದಾಗ ಅಕ್ಷರದ ಮಹಿಮೆಯನ್ನು ಹೊಗಳಿ ಕೂಡುವುದು ರೂಢಿ. ನಿಮ್ಮ ಮುಂದೆ ಅದರ ಅಗತ್ಯವಿಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದು, ಉಂಡು ಮಲಗುವ ಹೊತ್ತಿನಲ್ಲಿ ಪಾಟಿ ಹಿಡಿದು ಬರುವವರನ್ನು ನೀವು ದಿನವೂ ಕಾಣುತ್ತೀರಿ. ಆದ್ದರಿಂದ ನಾನು ಬೇರೆ ಮಾತು ಎತ್ತುತ್ತೇನೆ. ನಮ್ಮನ್ನು ನಂಬಿ ಕಲಿಯಲು ಬಂದವರಿಗೆ ನಮ್ಮ ಶಾಲೆಯಿಂದಲೇ ಕೇಡಾಗದಂತೆ ನೋಡಿಕೊಳ್ಳುವುದು ಹೇಗೆ?

ಮಕ್ಕಳ ಶಾಲೆಯಾದರೆ ಈ ಪ್ರಶ್ನೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಪಾಡಲು 2012ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ದೊಡ್ಡವರ ಶಾಲೆ ಎಂದ ಕೂಡಲೇ ನಾವು ‘ಅವರು ದೊಡ್ಡವರು, ತಮ್ಮ ಹಿತ ತಾವು ಬಲ್ಲರು’ ಎಂದು ಕೈ ಬಿಡುತ್ತೇವೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಸಂಸಾರ ತೂಗಿಸಿ, ಆಡು ಮಾರುವಾಗ ದಲ್ಲಾಳಿಯನ್ನೇ ಸೋಲಿಸುವ ನಲವತ್ತು ವರ್ಷದ ಹೆಂಗಸನ್ನು ಕೂಸಿನಂತೆ ನಡೆಸಿಕೊಳ್ಳುವುದು ಅವಳಿಗೆ ಮಾಡುವ ಅಪಮಾನ. ಆದರೆ ಅದೇ ಹೆಂಗಸು ಕಾಗದದ ಮುಂದೆ ಕುಳಿತಾಗ ತನ್ನ ಜಾಣತನವನ್ನೆಲ್ಲ ಬಾಗಿಲ ಹೊರಗೆ ಬಿಟ್ಟು, ‘ಸರ್ ಹೇಳಿದ್ದಾರೆ’ ಎಂಬ ಒಂದೇ ಮಾತನ್ನು ನಂಬಿ ಕೂತಿರುತ್ತಾಳೆ. ನಮ್ಮ ಹೊಣೆ ಇರುವುದು ಆ ನಂಬಿಕೆಯ ಜಾಗದಲ್ಲಿ.

ಮೊದಲು ಸಹಿಯ ವಿಷಯ. ನಮ್ಮ ಶಾಲೆಗಳ ಮೊದಲ ಗೆಲುವೆಂದರೆ ಸಹಿ. ಹೆಬ್ಬೆಟ್ಟು ಬಿಟ್ಟು ಹೆಸರು ಬರೆದ ದಿನ ಕಲಿತವರ ಮನೆಯಲ್ಲಿ ಹಬ್ಬ, ಕಲಿಸಿದವರ ವರದಿಯಲ್ಲಿ ಒಂದು ಅಂಕಿ. ಇದು ಸಣ್ಣ ಸಂತೋಷವಲ್ಲ. ಬ್ಯಾಂಕಿನಲ್ಲಿ ಗುಮಾಸ್ತನು ಮಸಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದಾಗ ಆಗುವ ನಾಚಿಕೆ ಅನುಭವಿಸಿದವರಿಗೇ ಗೊತ್ತು. ಆದರೆ ಸಹಿ ಕಲಿತು ಓದಲು ಕಲಿಯದ ಮನುಷ್ಯನು ಕಾಗದದ ಮುಂದೆ ಮೊದಲಿಗಿಂತ ಹೆಚ್ಚು ಅಸಹಾಯಕನಾಗುತ್ತಾನೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ.

ಹೆಬ್ಬೆಟ್ಟು ಒತ್ತಿದ ಪತ್ರವನ್ನು ನ್ಯಾಯಾಲಯ ಸ್ವಲ್ಪ ಸಂಶಯದಿಂದಲೇ ನೋಡುತ್ತದೆ. ಓದುಬಾರದವನಿಗೆ ಇದನ್ನು ಓದಿ ಹೇಳಿದವರು ಯಾರು, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿದರೇ ಎಂದು ಕೇಳುತ್ತದೆ. ಹೇಳಿದ್ದೇವೆ ಎಂದು ತೋರಿಸುವ ಭಾರ ಆ ಪತ್ರದಿಂದ ಲಾಭ ಪಡೆಯುವವನ ಮೇಲೆ ಬೀಳುವುದುಂಟು. ಸಹಿ ಇದ್ದರೆ ಲೆಕ್ಕ ತಿರುಗುತ್ತದೆ. ಸಹಿ ಮಾಡಿದವನು ಓದಿಯೇ ಮಾಡಿದ್ದಾನೆ ಎಂಬುದು ಸಾಮಾನ್ಯ ಊಹೆ; ಇಲ್ಲ ಎಂದು ಸಾಧಿಸುವ ಕಷ್ಟ ಅವನದೇ. ನಾಲ್ಕು ಅಕ್ಷರ ಗೀಚಲು ಕಲಿಸಿ ನಾವು ಅವನ ಒಂದು ರಕ್ಷೆಯನ್ನು ಕಿತ್ತುಕೊಂಡು, ಅದರ ಬದಲಿಗೆ ಏನನ್ನೂ ಕೊಡದೆ ಕಳಿಸಿದಂತಾಯಿತು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ಶಾಲೆಗೆ ಹೋಗದವರು ಸಮಾಧಾನಕ್ಕೆ ಹೇಳಿಕೊಳ್ಳುತ್ತಾರೆ. ಸಹಿಯೊಂದೇ ಕಲಿತವನಿಗೆ ಆ ಒಕ್ಕಾಲು ಓದೂ ಸಿಕ್ಕಿರುವುದಿಲ್ಲ.

ಹೆಬ್ಬೆಟ್ಟಿನ ಚರಿತ್ರೆಯೂ ಕೂಲಿಗಾರರು ಕೇಳಬೇಕಾದದ್ದೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ರಸ್ತೆಗೆ ಕಡಿ ಪೂರೈಸುವ ಕರಾರಿನ ಮೇಲೆ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡ. ನಾಳೆ ‘ಇದು ನನ್ನ ಸಹಿಯಲ್ಲ’ ಎನ್ನದಂತೆ ಹೆದರಿಸುವುದೇ ಅದರ ಉದ್ದೇಶ ಎಂದು ಹರ್ಷೆಲ್‌ನೇ ಮುಂದೆ ಬರೆದಿಟ್ಟ. ಬೆರಳಚ್ಚಿನ ವಿದ್ಯೆಗೆ ಅಲ್ಲಿಂದ ಆರಂಭವೆನ್ನುತ್ತಾರೆ. ಬರೆಸಿಕೊಳ್ಳುವವನ ಅನುಕೂಲಕ್ಕೆ ಹುಟ್ಟಿದ್ದು ಅದು. ಬರೆದುಕೊಡುವವನ ಅನುಕೂಲವನ್ನು ಆಗ ಯಾರೂ ಕೇಳಲಿಲ್ಲ.

ನಮ್ಮ ಸೀಮೆಗೆ ಹತ್ತಿರದ ಇನ್ನೊಂದು ಕಥೆ ಇದೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಪೇಟೆಯಲ್ಲಿ ರೈತರು ಸಾವಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು, ಖಾತೆಪುಸ್ತಕಗಳನ್ನು. ಸಿಕ್ಕದ್ದನ್ನು ಬೀದಿಗೆ ಹಾಕಿ ಸುಟ್ಟರು. ಅದು ಪುಣೆ, ಅಹಮದನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಸರ್ಕಾರ ವಿಚಾರಣೆ ನಡೆಸಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ತಂದಿತು. ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಲ್ಲಿ ರೈತನು ಸಾಲಪತ್ರ ಬರೆದುಕೊಡುವುದಾದರೆ ಗ್ರಾಮ ನೋಂದಣಿದಾರನ ಎದುರಿಗೆ ಬರೆಸಿ, ಓದಿಸಿ ಕೇಳಿ, ಆಮೇಲೆ ಒಪ್ಪಬೇಕು ಎಂಬ ಏರ್ಪಾಡು ಅದರಲ್ಲಿತ್ತು. ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಸಾವಕಾರರು ಅದಕ್ಕೂ ಸಂದುಗೊಂದು ಹುಡುಕಿದರು. ಆದರೆ ಓದಿ ಹೇಳದ ಕಾಗದ ಅಪಾಯದ ಕಾಗದ ಎಂಬ ಒಂದು ತಿಳುವಳಿಕೆ ಆ ಕಾಯಿದೆಯಲ್ಲಿತ್ತು. ನಮ್ಮ ಪಾಠಪಟ್ಟಿಯಲ್ಲಿ ಆ ತಿಳುವಳಿಕೆಗೆ ಎಷ್ಟು ಜಾಗವಿದೆ ನೋಡಿರಿ.

ಪಾಠಪಟ್ಟಿ ಎಂದೆ. ಮಹಾರಾಷ್ಟ್ರದಲ್ಲಿ ಅಕ್ಷರ ಚಳವಳಿ ಹೊಸದೇನಲ್ಲ. 1959ರಲ್ಲಿ ಪಕ್ಕದ ಸಾತಾರಾ ಜಿಲ್ಲೆಯಲ್ಲಿ ಗ್ರಾಮ ಶಿಕ್ಷಣ ಮೋಹಿಮೆ ಆರಂಭವಾಯಿತು. ಆಗ ನಮ್ಮದು ದಕ್ಷಿಣ ಸಾತಾರಾ ಜಿಲ್ಲೆ. ಸಾಂಗಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಊರಿಗೆ ಊರೇ ಪಣ ತೊಟ್ಟು ಕಲಿತು, ಕೊನೆಗೆ ಗೌರವ ಸಮಾರಂಭ ನಡೆಸುತ್ತಿದ್ದರು. ಉತ್ಸಾಹ ನಿಜವಾದದ್ದೇ. ಆದರೆ ಸಮಾರಂಭ ಮುಗಿದ ಮೇಲೆ ಓದಲು ಏನೂ ಕೊಡದೆ ಬಿಟ್ಟ ಕಡೆ ಬಹಳ ಜನ ಮರೆತರು. ಕೈಯಲ್ಲಿ ಉಳಿದದ್ದು ಸಹಿ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು. ಐದು ವರ್ಷದಲ್ಲಿ ಹತ್ತು ಕೋಟಿ ಜನ ಎಂಬ ಗುರಿ, ಕೇಂದ್ರಕ್ಕೆ ಸುಮಾರು 30 ಕಲಿಯುವವರು, ಕಲಿಸುವವರಿಗೆ ತಿಂಗಳಿಗೆ 50 ರೂಪಾಯಿ. ಅಕ್ಷರ, ಕಸುಬಿನ ಜ್ಞಾನ, ಸಾಮಾಜಿಕ ಅರಿವು ಮೂರೂ ಕೂಡಿರಬೇಕೆಂದು ಅದರಲ್ಲಿ ಬರೆದಿತ್ತು. ಎಣಿಸಲು ಸುಲಭವಾದದ್ದು ಮೊದಲನೆಯದು ಮಾತ್ರ. 2022ರಿಂದ 2027ರವರೆಗೆಂದು ಹಾಕಿಕೊಂಡ ನವಭಾರತ ಸಾಕ್ಷರತಾ ಕಾರ್ಯಕ್ರಮದಲ್ಲಿ ಕಲಿಸುವವರು ಸ್ವಯಂಸೇವಕರು. ಓದು, ಬರಹ, ಲೆಕ್ಕಕ್ಕೆ 50ರಂತೆ 150 ಅಂಕದ ಪರೀಕ್ಷೆ ಇದೆ. ಸಹಿ ಮಾತ್ರ ಬಂದವರಿಗೆ ಅದು ದಾಟುವುದಿಲ್ಲ, ಅಷ್ಟು ಒಳ್ಳೆಯದು. ಜನಗಣತಿಯವರೂ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಲು ಬರೆಯಲು ಬರುವವರನ್ನೇ ಸಾಕ್ಷರರೆಂದು ಎಣಿಸುತ್ತಾರೆ. ‘ಅರ್ಥ ತಿಳಿದು’ ಎಂಬ ಆ ಎರಡು ಪದಗಳಿಗಾಗಿಯೇ ನಾನು ಇಷ್ಟು ದೂರ ಬಂದೆ.

ಏಕೆಂದರೆ ಈ ಭಾಗದಲ್ಲಿ ಕಾಗದ ಎಂದರೆ ಏನು? ಬರದ ನಾಡಿದು. ದಸರೆ ದೀಪಾವಳಿ ಹೊತ್ತಿಗೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಕೂಡಿ ಒಂದು ‘ಕೋಯ್ತಾ’ ಎಂದು ಲೆಕ್ಕವಾಗಿ, ಮುಕಾದಮನ ಟೋಳಿಯಲ್ಲಿ ಕಬ್ಬು ಕಡಿಯಲು ಹೊರಡುತ್ತಾರೆ. ತಿರುಗಿ ಬರುವುದು ಯುಗಾದಿಯ ಸುಮಾರಿಗೆ. ಹೋಗುವ ಮೊದಲೇ ‘ಉಚಲ’ ಎಂಬ ಮುಂಗಡ ಕೈಗೆ ಬಂದಿರುತ್ತದೆ, ಕೈಬಿಟ್ಟೂ ಹೋಗಿರುತ್ತದೆ. ಮಳೆಗಾಲದ ಸಾಲ, ಮದುವೆ, ದವಾಖಾನೆ. ಆ ಉಚಲಕ್ಕೆ ಪ್ರತಿಯಾಗಿ ಕಾಗದ. ಕೆಲವೊಮ್ಮೆ ಬರೆದ ಕಾಗದ, ಕೆಲವೊಮ್ಮೆ ಬರೆಯದ ಕಾಗದ.

ಬರೆಯದ ಕಾಗದದ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ದಯವಿಟ್ಟು ಗಮನವಿಟ್ಟು ಕೇಳಿರಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 20ನೆಯ ಕಲಮಿನ ಪ್ರಕಾರ, ಸ್ಟಾಂಪು ಹಚ್ಚಿದ ಖಾಲಿ ಕಾಗದಕ್ಕೆ ಸಹಿ ಮಾಡಿ ಒಬ್ಬನ ಕೈಗೆ ಕೊಟ್ಟರೆ, ಆ ಸ್ಟಾಂಪು ಹೊರಬಲ್ಲ ಮೊತ್ತದವರೆಗೆ ಅದನ್ನು ತುಂಬಿಕೊಳ್ಳುವ ಅಧಿಕಾರವನ್ನು ಮೇಲ್ನೋಟಕ್ಕೆ ಅವನಿಗೆ ಕೊಟ್ಟಂತೆ. ಖಾಲಿ ಚೆಕ್ಕಿನ ಗತಿಯೂ ಹೀಗೆಯೇ. 2019ರಲ್ಲಿ ಬೀರ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ತಾನಾಗಿ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದ್ದರೂ ಅದು ಸಾಲಕ್ಕಾಗಿ ಕೊಟ್ಟದ್ದೆಂಬ ಊಹೆ ನಿಲ್ಲುತ್ತದೆ, ಅಲ್ಲವೆಂದು ತೋರಿಸಬೇಕಾದವನು ಸಹಿ ಮಾಡಿದವನೇ ಎಂದು ಹೇಳಿತು. ಮುಂಗಡದ ಹೆಸರಿನಲ್ಲಿ ಆಳನ್ನು ಕಟ್ಟಿಹಾಕುವುದನ್ನು 1976ರ ಜೀತ ನಿರ್ಮೂಲನ ಕಾಯಿದೆ ನಿಷೇಧಿಸಿದೆ, ಜೀತದ ಸಾಲ ತೀರಿದಂತೆಯೇ ಎಂದೂ ಹೇಳುತ್ತದೆ, ನಿಜ. ಆದರೆ ಆ ಬಾಗಿಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಈ ಖಾಲಿ ಕಾಗದ ತುಂಬಿರುತ್ತದೆ.

ಆದಕಾರಣ ನನ್ನ ಬಿನ್ನಹ ಇಷ್ಟೇ. ಹೆಸರು ಬರೆಯುವುದನ್ನು ಕಲಿಸುವ ದಿನವೇ ಹೆಸರು ಬರೆಯಬಾರದ ಕಾಗದವನ್ನು ಗುರುತಿಸುವುದನ್ನೂ ಕಲಿಸಿರಿ. ಖಾಲಿ ಹಾಳೆಯನ್ನು, ಅರ್ಧ ತುಂಬಿದ ಹಾಳೆಯನ್ನು, ಟಿಕೀಟು ಮಾತ್ರ ಹಚ್ಚಿದ ಹಾಳೆಯನ್ನು ತಂದು ಶಾಲೆಯಲ್ಲಿ ಇಡಿರಿ. ಬಿಟ್ಟ ಜಾಗಕ್ಕೆ ಗೆರೆ ಎಳೆಯುವುದು, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದು, ತಾರೀಖು ಹಾಕದೆ ಕೈ ಎತ್ತದಿರುವುದು, ಒಂದು ಪ್ರತಿ ಕೇಳುವುದು. ಫೋನಿದ್ದರೆ ಒಂದು ಫೋಟೋ ತೆಗೆದುಕೊಳ್ಳುವುದು. ಓದಲು ಬಾರದ ಕಾಗದ ಬಂದಾಗ ‘ಮನೆಯಲ್ಲಿ ಕೇಳಿ ನಾಳೆ ಮಾಡುತ್ತೇನೆ’ ಎನ್ನುವುದೂ ಒಂದು ಪಾಠವೇ. ಇದನ್ನು ಬಾಯಲ್ಲಿ ಹೇಳಿಸಿ ರೂಢಿ ಮಾಡಿಸಬೇಕು; ಮುಕಾದಮನ ಎದುರಿಗೆ ನಿಂತಾಗ ಆ ಮಾತು ತಾನಾಗಿ ನಾಲಿಗೆಗೆ ಬರುವುದಿಲ್ಲ. ಮತ್ತು ಅವರು ಹಾಗೆ ಹೇಳಲಾಗದೆ ಸಹಿ ಮಾಡಿ ಬಂದರೆ ಬೈಯಬೇಡಿರಿ. ಉಚಲ ಸಿಗದಿದ್ದರೆ ಆ ವಾರ ಒಲೆ ಉರಿಯುವುದಿಲ್ಲ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಭಾಷೆಯ ತೊಡಕನ್ನೂ ಇಲ್ಲಿಯೇ ಹೇಳಬೇಕು. ಈ ಭಾಗದವರ ಮನೆಮಾತು ಕನ್ನಡ. ಕನ್ನಡದಲ್ಲೇ ಕಲಿಸಬೇಕು, ತಲೆಗೆ ಬೇಗ ಹತ್ತುವುದು ಅದೇ. ಆದರೆ ತಲಾಠಿಯ ಸಾತಬಾರಾ ಉತಾರ ಮರಾಠಿ, ತಹಶೀಲಿಯ ನೋಟೀಸು ಮರಾಠಿ, ಮುಕಾದಮನ ಚೀಟಿ ಬಹುಮಟ್ಟಿಗೆ ಮರಾಠಿ. ಕನ್ನಡದಲ್ಲಿ ಸಾಕ್ಷರಳಾದವಳು ತನ್ನ ಜೀವನವನ್ನು ಕಟ್ಟಿಹಾಕುವ ಕಾಗದದ ಮುಂದೆ ನಿರಕ್ಷರಿಯೇ. ಗಡಿಯ ಜಗಳ ದೊಡ್ಡವರು ಆಡಿಕೊಳ್ಳಲಿ. 2022ರಲ್ಲಿ ಅದು ಮತ್ತೊಮ್ಮೆ ಎದ್ದಾಗ ಜತ್ತದ ಹಳ್ಳಿಗಳ ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂತು. ನಮಗೆ ಬೇಕಾದದ್ದು ಕನ್ನಡ ಗಟ್ಟಿಯಾದ ಮೇಲೆ ಮರಾಠಿಯ ಹತ್ತು ಹನ್ನೆರಡು ಪದಗಳನ್ನು ಕಣ್ಣಿಗೆ ಪರಿಚಯ ಮಾಡಿಸುವುದು: ರಕ್ಕಮ, ವ್ಯಾಜ, ಮುದತ, ಜಾಮೀನದಾರ, ಉಚಲ, ಕೋರಾ. ಅಂಕಿಗಳನ್ನಂತೂ ಬಿಡಲೇಬಾರದು. ಮರಾಠಿಯ ಒಂದು ಇಂಗ್ಲಿಷಿನ ಒಂಬತ್ತರಂತೆ ಕಾಣುತ್ತದೆ. ಹತ್ತು ಸಾವಿರವೋ ತೊಂಬತ್ತು ಸಾವಿರವೋ ಎಂಬುದು ಆ ಒಂದು ಬಾಲದ ಮೇಲೆ ನಿಂತಿದೆ.

ಸಾಲದ ಕಾಗದ ಒಂದೇ ಅಲ್ಲ. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯ ನೀವು ಕೇಳಿದ್ದೀರಿ. 2019ರಲ್ಲಿ ನೀಲಂ ಗೋರ್ಹೆಯವರ ಅಧ್ಯಕ್ಷತೆಯ ಸರ್ಕಾರಿ ಸಮಿತಿಯ ಮುಂದೆ ಬಂದ ಲೆಕ್ಕದಂತೆ, ವಿಚಾರಿಸಿದ 82,309 ಹೆಂಗಸರಲ್ಲಿ 13,861 ಜನರ ಗರ್ಭಕೋಶ ತೆಗೆಯಲಾಗಿತ್ತು. ಅವರೆಲ್ಲರೂ ಮೋಸಹೋದರೆಂದು ನಾನು ಹೇಳಲಾರೆ. ಕಾಯಿಲೆಯಿಂದ ಮಾಡಿಸಿಕೊಂಡವರೂ ಇರಬಹುದು. ಆದರೆ ಶಸ್ತ್ರಕ್ರಿಯೆಗೆ ಮೊದಲು ಒಪ್ಪಿಗೆಯ ಒಂದು ಕಾಗದ ಇರುತ್ತದೆ. ಅದರಲ್ಲಿ ಏನಿದೆ, ಬೇರೆ ಚಿಕಿತ್ಸೆ ಇದೆಯೇ ಎಂದು ಕೇಳುವ ಧೈರ್ಯವನ್ನು ನಮ್ಮ ಶಾಲೆಯಿಂದ ಹೋದ ಹೆಂಗಸು ಹೊತ್ತುಕೊಂಡು ಹೋಗಲಿ.

ಹಾಗಾದರೆ ಹೆಬ್ಬೆಟ್ಟೇ ಕ್ಷೇಮವೋ ಎಂದು ಯಾರಾದರೂ ಕೇಳಬಹುದು. ಈಗ ಅದೂ ಕ್ಷೇಮವಲ್ಲ. ಆಧಾರ್ ಜೋಡಿಸಿದ ಖಾತೆಯಿಂದ ಊರಿನ ಅಂಗಡಿಯಲ್ಲೇ ಬೆರಳು ಇಟ್ಟು ಹಣ ತೆಗೆಯುವ ಯಂತ್ರ ಬಂದಿದೆ. ಒಳ್ಳೆಯ ಸೌಕರ್ಯ. ಆದರೆ ಮಸಿಯ ಹೆಬ್ಬೆಟ್ಟಿಗೆ ಸಾಕ್ಷಿ ಇರುತ್ತಿತ್ತು. ಯಂತ್ರದ ಬೆರಳಿಗೆ ಇಲ್ಲ. ‘ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಇಡು’ ಎಂದಾಗ ಎರಡು ಸಲ ಹಣ ಹೋಯಿತೋ ಒಂದು ಸಲವೋ ತಿಳಿಯಲು ಚೀಟಿ ಬೇಕು, ಚೀಟಿ ಓದಲು ಅಂಕಿ ಬರಬೇಕು. ಇದರಿಂದ ಬರುವ ಒಂದು ನಿಯಮ: ನಮ್ಮ ಶಾಲೆಯಲ್ಲಿ ಯಾರೂ, ಯಾವ ಯೋಜನೆಯ ಹೆಸರಿನಲ್ಲಿಯೂ, ಕಲಿಯುವವರ ಬೆರಳಚ್ಚು ತೆಗೆದುಕೊಳ್ಳಬಾರದು. ಆಧಾರ್ ಕಾರ್ಡಿನ ಪ್ರತಿ, ಪಾಸ್‌ಬುಕ್ಕು ಶಾಲೆಯ ಕಪಾಟಿನಲ್ಲಿ ಇರಬಾರದು. ಕಲಿಯುವವರ ಹೆಸರಿನಲ್ಲಿ ಸಾಲ ತೆಗೆಯುವುದು, ಅವರಿಗೆ ಸಾಲ ಕೊಡುವುದು, ಗುಂಪು ಸಾಲಕ್ಕೆ ಜನ ಸೇರಿಸುವುದು, ಇವೆಲ್ಲ ಕಲಿಸುವವರ ಕೆಲಸವಲ್ಲ. ಹಾಜರಿ ಪುಸ್ತಕವನ್ನು ಮುಕಾದಮನ ಕಣ್ಣಿಗೆ ಬೀಳಿಸುವುದೂ ಬೇಡ.

ಇನ್ನು ಶಾಲೆಯೊಳಗಿನ ಮಾತು. ಮೊದಲು ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸಕಾಗುವುದು ಎಲ್ಲರಿಗೂ ಬರುವಂಥದು. ಪುಸ್ತಕವನ್ನು ಕೈ ಚಾಚಿದಷ್ಟು ದೂರ ಹಿಡಿದು ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಹೇಳಿ ಬಿಟ್ಟುಹೋದವರಲ್ಲಿ ಅರ್ಧ ಜನಕ್ಕಾದರೂ ತಲೆಯ ದೋಷವಿರಲಿಲ್ಲ ಎಂದು ನನ್ನ ಅನುಮಾನ. ಅಸ್ಸಾಮಿನ ಚಹಾ ತೋಟದ ನಲವತ್ತು ದಾಟಿದ ಕೂಲಿಗಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ಪರೀಕ್ಷಿಸಿದರು. ಕನ್ನಡಕವಿಲ್ಲದವರಿಗಿಂತ ಅವರ ದುಡಿತ ಸುಮಾರು ಶೇಕಡ 21.7ರಷ್ಟು ಹೆಚ್ಚಾಯಿತೆಂದು 2018ರಲ್ಲಿ ಪ್ರಕಟವಾಯಿತು. ಎಲೆ ಕೀಳುವುದಕ್ಕೇ ಇಷ್ಟು ವ್ಯತ್ಯಾಸವಾದರೆ ಸಣ್ಣ ಅಕ್ಷರ ಓದುವುದಕ್ಕೆ ಎಷ್ಟಾದೀತು? ಪಾಟಿಗಿಂತ ಮೊದಲು ಕಣ್ಣಿನ ತಪಾಸಣೆಯಾಗಲಿ.

ನಗುವುದು ಎರಡನೆಯದು. ತಪ್ಪು ಬರೆದ ಅತ್ತೆಯನ್ನು ಸೊಸೆಯ ಎದುರಿಗೆ ನಗೆಪಾಟಲು ಮಾಡಿದರೆ ಆ ಅತ್ತೆ ಮತ್ತೆ ಬರುವುದಿಲ್ಲ, ಸೊಸೆಗೂ ಮನೆಯಲ್ಲಿ ಬಿಸಿ ತಪ್ಪುವುದಿಲ್ಲ. ಶಾಲೆ ಎಲ್ಲಿ ಕೂಡುತ್ತದೆ ಎಂಬುದನ್ನೂ ನೋಡಿರಿ. ಎಲ್ಲ ಓಣಿಯವರೂ ಕಾಲಿಡಲಾಗದ ಜಾಗ ಎಷ್ಟೇ ಬೆಳಕಿನದಾಗಿದ್ದರೂ ಶಾಲೆಯಲ್ಲ.

ಮೂರನೆಯದನ್ನು ಹೇಳಲು ಸಂಕೋಚವಿದೆ, ಆದರೂ ಹೇಳಬೇಕು. ಕತ್ತಲಾದ ಮೇಲೆ ಹೆಂಗಸರು ಬರುವ ಜಾಗ, ಕಲಿಸುವವರು ಹಲವೆಡೆ ಗಂಡಸರು. ಫ್ರಾಂಕ್ ಲೌಬಾಕ್ ಎಂಬ ಮಿಷನರಿ ಫಿಲಿಪ್ಪೀನ್ಸಿನ ಲನಾವೊದಲ್ಲಿ 1930ರಲ್ಲಿ ಅಕ್ಷರ ಕಲಿಸಲು ಆರಂಭಿಸಿದಾಗ, ಸಂಬಳಕ್ಕೆ ಹಣ ನಿಂತುಹೋಯಿತು. ಅಲ್ಲಿನ ಒಬ್ಬ ನಾಯಕ ‘ಕಲಿತವರೆಲ್ಲ ಇನ್ನೊಬ್ಬರಿಗೆ ಕಲಿಸಬೇಕು, ಇಲ್ಲವಾದರೆ ಕೊಲ್ಲುತ್ತೇನೆ’ ಎಂದನಂತೆ. ‘ಒಬ್ಬರು ಒಬ್ಬರಿಗೆ ಕಲಿಸಿರಿ’ ಎಂಬ ಘೋಷಣೆ ಹುಟ್ಟಿದ್ದು ಹಾಗೆ ಎಂದು ಲೌಬಾಕರೇ ಹೇಳುತ್ತಿದ್ದರು. ಚೆಂದದ ಕಥೆ. ಆದರೆ ಯಾರು ಬೇಕಾದರೂ ಕಲಿಸಬಹುದು ಎಂಬಲ್ಲಿ ಯಾರು ಕಲಿಸುತ್ತಿದ್ದಾರೆ ಎಂದು ಕೇಳುವವರು ಇಲ್ಲದಂತಾಗುತ್ತದೆ. ಸೇವೆಗೆ ಬಂದವನನ್ನು ಪ್ರಶ್ನಿಸಬಾರದು ಎಂಬ ದಾಕ್ಷಿಣ್ಯ ನಮ್ಮಂಥ ಸಂಘಗಳಲ್ಲಿ ಬಹಳ. ಆ ದಾಕ್ಷಿಣ್ಯದ ಮರೆಯಲ್ಲಿಯೇ ಕೆಡುಕು ಬೆಳೆಯುತ್ತದೆ. ಒಂದೊಂದು ಕೇಂದ್ರದಲ್ಲಿ ಇಬ್ಬರು ಕಲಿಸುವವರು, ಅವರಲ್ಲಿ ಒಬ್ಬರಾದರೂ ಹೆಣ್ಣು, ಬಾಗಿಲು ತೆರೆದಿರಬೇಕು, ಮನೆಗೆ ಹೋಗುವಾಗ ಗುಂಪಾಗಿ ಹೋಗಬೇಕು.

ಇಷ್ಟಾದರೂ ಕೇಡು ನಡೆದರೆ ಹೆಂಗಸಿಗೆ 2013ರ ಕಾಯಿದೆ ಇದೆ. ಅದರ ಬೇರು ರಾಜಸ್ಥಾನದ ಭಟೇರಿ ಗ್ರಾಮದಲ್ಲಿದೆ. ಮಹಿಳಾ ವಿಕಾಸ ಕಾರ್ಯಕ್ರಮದ ಗ್ರಾಮಸೇವಕಿ ಭಂವರಿ ದೇವಿಯವರು ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅತ್ಯಾಚಾರಕ್ಕೆ ಗುರಿಯಾದರು. ಆ ನೋವಿನಿಂದ ಎದ್ದ ಮೊಕದ್ದಮೆಯಲ್ಲಿ 1997ರಲ್ಲಿ ವಿಶಾಖಾ ತೀರ್ಪು ಬಂತು. ಈ ಕಾಯಿದೆ ಸಂಬಳದವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಯಾವ ವಯಸ್ಸಿನವಳಾದರೂ, ನೌಕರಿಯಲ್ಲಿ ಇರಲಿ ಬಿಡಲಿ, ದೂರು ಕೊಡಬಹುದು. ಶಿಕ್ಷಣ ಕೊಡುವ ಸಂಘ ಸಂಸ್ಥೆಗಳೂ ಅದರಲ್ಲಿ ಸೇರುತ್ತವೆ. ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ನಮ್ಮಂಥ ಕಡೆಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ತಾಲೂಕಿನಲ್ಲಿ ದೂರು ತೆಗೆದುಕೊಳ್ಳುವ ನೋಡಲ್ ಅಧಿಕಾರಿ ಏಳು ದಿನದೊಳಗೆ ಅದನ್ನು ಸಮಿತಿಗೆ ಕಳಿಸಬೇಕು. ಬರೆಯಲು ಬಾರದವಳಿಗೆ ದೂರು ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ ಎಂದು ಕಾಯಿದೆಯಲ್ಲೇ ಇದೆ. ಅವಧಿ ಮೂರು ತಿಂಗಳು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಕೊಡಬಹುದು. ದಸರೆಗೆ ಮುಂಚೆ ನೊಂದವಳು ಕಬ್ಬಿಗೆ ಹೋಗಿ ಯುಗಾದಿಗೆ ಬಂದರೆ ಆ ಆರು ತಿಂಗಳೂ ಮುಗಿಯುತ್ತ ಬಂದಿರುತ್ತವೆ. ಆದ್ದರಿಂದ ‘ಬಂದ ಮೇಲೆ ನೋಡೋಣ’ ಎನ್ನಬೇಡಿರಿ. ಹೆಸರು ಬಯಲು ಮಾಡುವುದನ್ನೂ ಕಾಯಿದೆ ತಡೆಯುತ್ತದೆ. ಸಂಘದ ಸಭೆಯಲ್ಲಿ ಎತ್ತಿ ಪಂಚಾಯಿತಿ ಮಾಡಿ ರಾಜಿಗೆ ಎಳೆಯುವವರು ಇದನ್ನು ನೆನಪಿಡಬೇಕು.

ಹೆಸರಿನ ಮಾತು ಬಂದಾಗ ಇನ್ನೊಂದು. ನಮ್ಮ ಪತ್ರಿಕೆಯ ಸಂಪಾದಕರು ಇಲ್ಲೇ ಕೂತಿದ್ದಾರೆ, ಬೇಸರಪಡಬಾರದು. ಪಾಟಿ ಹಿಡಿದ ಅಜ್ಜಿಯ ಚಿತ್ರ ಅಚ್ಚು ಹಾಕುವುದು ನಮಗೆಲ್ಲ ಪ್ರಿಯ. ಆ ಅಜ್ಜಿಯನ್ನು ಕೇಳಿದ್ದೇವೆಯೇ? ತನ್ನ ಮಗನಿಗೆ ಹೆಣ್ಣು ನೋಡುತ್ತಿರುವಾಗ ತಾನು ಓದುಬಾರದವಳೆಂಬುದು ಅಚ್ಚಾಗುವುದು ಅವಳಿಗೆ ಬೇಕೋ ಬೇಡವೋ?

ಟೋಳಿಗಳು ಹೊರಡಲು ಇನ್ನು ಹೆಚ್ಚು ದಿನ ಉಳಿದಿಲ್ಲ. ಹೋಗುವವರನ್ನು ‘ಶಾಲೆ ಬಿಟ್ಟವರು’ ಎಂದು ಬರೆಯುವುದು ಬೇಡ. ಹೊಟ್ಟೆಪಾಡಿಗೆ ಹೋದವರು ಎಂದೇ ಬರೆಯಿರಿ, ಅವರ ಜಾಗ ಅವರಿಗೇ ಇರಲಿ. ಮುಂಗಡದ ಚೀಟಿಯ ಎರಡು ಮಾದರಿಗಳನ್ನು ಮೇಜಿನ ಮೇಲೆ ಇಟ್ಟಿದ್ದೇನೆ, ಒಂದು ಕನ್ನಡದ್ದು, ಒಂದು ಮರಾಠಿಯದು. ಎರಡರಲ್ಲೂ ಬೇಕೆಂದೇ ಮೂರು ಕಡೆ ಜಾಗ ಖಾಲಿ ಬಿಟ್ಟಿದೆ. ಊಟಕ್ಕೆ ಏಳುವ ಮೊದಲು ಇಬ್ಬಿಬ್ಬರು ಕೂಡಿ ಅವನ್ನು ಹುಡುಕಿ ಗೆರೆ ಎಳೆಯಿರಿ. ಮರಾಠಿ ಬಾರದವರು ಪಕ್ಕದವರನ್ನು ಕೇಳಬಹುದು.